ಹೋಂಸ್ಟೇ ವೆಬ್‌ಸೈಟಿಗೂ ಕಾನೂನಿನ ಕಡ್ಡಾಯ ಬೇಕಾ?

ಕೊಡಗಿನಲ್ಲಿ ಹೋಂಸ್ಟೇ ಇಲ್ಲದ ಊರು ಹುಡುಕುವುದು ಕಷ್ಟ. ಅವುಗಳ ವೆಬ್‌ಸೈಟ್ ವಯಸ್ಸಾದವರಿಗೂ ಅಂಗವಿಕಲರಿಗೂ ಬಳಸಲು ಬರುವಂತಿರಲೇಬೇಕು ಎಂದು ಕಡ್ಡಾಯ ಮಾಡುವುದು ಸರಿಯೇ?

ಪರ

ಎಷ್ಟೋ ಸೈಟುಗಳಲ್ಲಿ ಮೊದಲು ಕಾಣುವುದು ಮಂಜಿನ ಬೆಟ್ಟದ ಫೋಟೊ, ಅದರ ಮೇಲೆ ಬಿಳಿ ಅಕ್ಷರ. (ಮಂಜು ತೋರಿಸಲು ಅಕ್ಷರವೂ ಮಂಜಾಗಬೇಕಾ?) ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1ರಷ್ಟು ವ್ಯತ್ಯಾಸವಿರಬೇಕು ಎನ್ನುತ್ತದೆ ವೆಬ್‌ಸೈಟ್ ಎಲ್ಲರಿಗೂ ಬಳಸಲು ಬರುವಂತಿರಲು ಮಾಡಿದ ಡಬ್ಲ್ಯುಸಿಎಜಿ ಎಂಬ ಅಂತರರಾಷ್ಟ್ರೀಯ ಮಾನದಂಡ. ಅಳೆಯಲು ಉಚಿತ ಸಾಧನಗಳಿವೆ.

ರೂಮಿನ ಬಾಡಿಗೆ, ಊಟದ ರೇಟು ಎಲ್ಲ ಒಂದು ಪೋಸ್ಟರಿನೊಳಗೆ ಇರುತ್ತದೆ. ಕಣ್ಣು ಕಾಣದವರಿಗೆ ಆಂಡ್ರಾಯ್ಡ್ ಫೋನಿನ ಟಾಕ್‌ಬ್ಯಾಕ್ ಪರದೆಯನ್ನು ಓದಿ ಹೇಳುತ್ತದೆ. ವಿವರಣೆ ಬರೆಯದ ಪೋಸ್ಟರ್ ಬಂದರೆ ಚಿತ್ರ ಇದೆ ಎಂದಷ್ಟೇ ಹೇಳಿ ಮುಂದೆ ಹೋಗಬಹುದು. ಅದೇ ರೇಟನ್ನು ಯೂನಿಕೋಡ್ ಕನ್ನಡದಲ್ಲಿ ಟೈಪ್ ಮಾಡಿದ್ದರೆ ಕಥೆ ಬೇರೆ. ಅದಕ್ಕೆ ಜಾಸ್ತಿ ಖರ್ಚೂ ಇಲ್ಲ.

ಮೊಮ್ಮಕ್ಕಳ ಜೊತೆ ಅಜ್ಜ, ಅಜ್ಜಿಯೂ ಬರುತ್ತಾರೆ. ಮೆಟ್ಟಿಲು ಎಷ್ಟು? ಜೀಪು ನಿಲ್ಲುವ ಜಾಗದಿಂದ ರೂಮು ಎಷ್ಟು ದೂರ? ಬಾತ್‌ರೂಮಿನಲ್ಲಿ ಹಿಡಿಕೆ ಇದೆಯಾ? ಅವರಿಗೆ ಬೇಕಾದ ಈ ಸಂಗತಿ ಸೈಟಿನಲ್ಲಿ ಸಿಗುವುದು ಅಪರೂಪ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 46ನೇ ಸೆಕ್ಷನ್ ಪ್ರಕಾರ, ಸೇವೆ ಅಂಗವಿಕಲರಿಗೂ ಬಳಸಲು ಬರುವಂತಿರಬೇಕು ಎಂಬ ನಿಯಮಗಳು ಖಾಸಗಿಯವರಿಗೂ ಅನ್ವಯಿಸುತ್ತವೆ. ಅಂಥ ನಿಯಮಗಳು ಬರೀ ಸಲಹೆಯಾಗಿ ಉಳಿದರೆ ಸಾಲದು, ಕಡ್ಡಾಯವಾಗಬೇಕು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇನ್ನೂ ಎಷ್ಟು ವರ್ಷ ಕಾಯುವುದು?

ವಿರೋಧ

ಮೇಲಿನ ದೂರೆಲ್ಲ ನಿಜ. ಮದ್ದು ಮಾತ್ರ ತಪ್ಪು. ಎರಡು ರೂಮಿನ ಹೋಂಸ್ಟೇ ನಡೆಸುವ ಮನೆಗೆ ಸೈಟ್ ಮಾಡಿಕೊಟ್ಟ ಹುಡುಗ ಈಗ ಬೆಂಗಳೂರಿನಲ್ಲಿರುತ್ತಾನೆ, ಫೋನ್ ಎತ್ತುವುದಿಲ್ಲ. ನೋಟಿಸ್ ಬಂದರೆ ಆ ಮನೆಯವರು ಸುಮ್ನೆ ಸೈಟ್ ಮುಚ್ಚುತ್ತಾರೆ. ಇನ್‌ಸ್ಟಾಗ್ರಾಂ ಇದೆಯಲ್ಲ! ಅಲ್ಲಿ ಮತ್ತೆ ಅದೇ ಪೋಸ್ಟರ್. ಇಲ್ಲವೇ ಯಾರೋ ಬಂದು ಮೂಲೆಯಲ್ಲಿ ಒಂದು ಬಟನ್ ಕೂರಿಸಿ ದುಡ್ಡು ತೆಗೆದುಕೊಂಡು ಹೋಗುತ್ತಾರೆ. ಒತ್ತಿದರೆ ಅಕ್ಷರ ದೊಡ್ಡದಾಗುತ್ತದೆ. ಆ ಸೌಲಭ್ಯ ಫೋನಿನ ಸೆಟ್ಟಿಂಗ್‌ನಲ್ಲೇ ಇತ್ತು.

ಇನ್ನು ಕೊಡಗಿನ ವಯಸ್ಸಾದವರನ್ನೇ ಕೇಳಿ. ಎಷ್ಟೋ ತೋಟದ ಮನೆಗಳಲ್ಲಿ ಈಗ ಗಂಡ ಹೆಂಡತಿ ಇಬ್ಬರೇ. ಮಕ್ಕಳು ಹೊರಗೆ. ಅವರ ಪರದಾಟ ಕರೆಂಟ್ ಬಿಲ್ಲಿನದು, ಬ್ಯಾಂಕಿನದು. ಸೈನ್ಯದಿಂದ ನಿವೃತ್ತರಾದವರಿಗೆ ವರ್ಷಾ ವರ್ಷಾ ಪಿಂಚಣಿಗೆ ಜೀವಂತ ಪ್ರಮಾಣಪತ್ರ ಬೇರೆ. ಮಳೆಗಾಲದಲ್ಲಿ ಸಿಗ್ನಲ್ ಸಿಗುವ ಮೂಲೆ ಹುಡುಕಿ ನಿಂತರೆ, ಓಟಿಪಿ ಬರುವಷ್ಟರಲ್ಲಿ ಅದರ ಸಮಯ ಮುಗಿದಿರುತ್ತದೆ. ಆನ್‌ಲೈನಿನಲ್ಲಿ ಗುರುತು ಖಚಿತಪಡಿಸುವ ಇ-ಕೆವೈಸಿಯಲ್ಲಿ ಕಣ್ಣು ಮಿಟುಕಿಸಿ ಎಂದರೆ, ಆ್ಯಸಿಡ್ ದಾಳಿಯಲ್ಲಿ ಕಣ್ಣಿಗೆ ಪೆಟ್ಟಾದವರು ಏನು ಮಾಡಬೇಕು? ಅಂಥವರು ಕೋರ್ಟಿಗೆ ಹೋದ ಪ್ರಕರಣದಲ್ಲೇ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆ ಎಲ್ಲರ ಕೈಗೆ ಸಿಗುವುದೂ ಬದುಕುವ ಹಕ್ಕಿನ ಭಾಗ ಎಂದದ್ದು. ಕಡ್ಡಾಯದ ಬಿಸಿ ಮೊದಲು ಅಂಥ ಕಡೆ ತಟ್ಟಲಿ. ಪಿಂಚಣಿ ಬಿಟ್ಟು ಬೇರೆ ಕಡೆ ಹೋಗುವಂತಿಲ್ಲ. ಹೋಂಸ್ಟೇಗಾದರೆ ಫೋನ್ ಮಾಡಬಹುದು, ಕಿವಿ ಕೇಳದವರು ವಾಟ್ಸಾಪ್ ಮಾಡಬಹುದು.

ಸಣ್ಣವರ ಕೈಲಿ ಕೆಲಸ ಮಾಡಿಸಬೇಕೆಂದರೆ ಹೋಂಸ್ಟೇ ನೋಂದಣಿ ಮಾಡುವಾಗಲೇ ಒಂದು ಸಿದ್ಧ ಪುಟ ಕೊಡಲಿ. ದೊಡ್ಡ ಅಕ್ಷರ, ಟೈಪ್ ಮಾಡಿದ ರೇಟು, ಮೆಟ್ಟಿಲಿನ ಲೆಕ್ಕ, ಫೋನ್ ನಂಬರ್. ಮನೆಯವರು ಖಾಲಿ ಜಾಗ ತುಂಬಿದರೆ ಆಯ್ತು.