ಹಳೆಯ ತಗಡಿಗೆ ಒದ್ದೆ ಬಟ್ಟೆ ಬೇಡ

ಬಟ್ಟೆ ಗುಂಡಿ (ಲೋಹದ ಚಿಪ್ಪಿಗೆ ಬಟ್ಟೆ ಹೊದಿಸಿದ ಗುಂಡಿ) ಮಾಡುವಾಗ ಬಟ್ಟೆಯನ್ನು ಒದ್ದೆ ಮಾಡಿ ಹೊದಿಸಿದರೆ ಸುಕ್ಕಿಲ್ಲದೆ ಕೂರುತ್ತದೆ ಎಂದು ಬರೆದಿದ್ದೀರಿ. ಹೊಸ ಅಲ್ಯುಮಿನಿಯಂ ಚಿಪ್ಪಿಗಾದರೆ ಸರಿ ಮೇಡಂ, ಹಳೆಯ ತಗಡಿಗೆ ಬೇಡವೇ ಬೇಡ. ವಿರಾಜಪೇಟೆಯಲ್ಲಿ ಹೊಲಿಗೆ ಮಾಡುತ್ತಿದ್ದ ನಮ್ಮತ್ತೆಯ ಬಿಸ್ಕತ್ ಡಬ್ಬಿ ಈಗ ನನ್ನ ಪಾಲಿಗೆ ಬಂದಿದೆ. ಒಳಗೆ 24 ಲೈನಿನ ಗುಂಡಿಚಿಪ್ಪು (ಲೈನ್ ಗುಂಡಿಯ ಅಗಲದ ಅಳತೆ, ಅಂದರೆ ಸುಮಾರು 15 ಮಿ.ಮೀ.), ಬೆಲ್ಟಿನ ಬಕಲ್, ಬೆಲ್ಟಿನೊಳಗೆ ಬಿಗಿಗೆ ಇಡುವ ಗಟ್ಟಿ ಬಟ್ಟೆ ಬಕ್ರಮ್, ಅದೂ ಹಳದಿಗಟ್ಟಿದ್ದು. ಕೊಡಗಿನ ಮಳೆಗಾಲದಲ್ಲಿ ಉಪ್ಪೇ ನೀರಾಗುತ್ತದೆ, ತಗಡು ಉಳಿದೀತೇ? ತಿಳಿಯದೆ ಕೆನೆಬಣ್ಣದ ರೇಷ್ಮೆ ಒದ್ದೆ ಮಾಡಿ ಹೊದಿಸಿದೆ. ಬೆಳಗಾಗುವಷ್ಟರಲ್ಲಿ ಆರೂ ಗುಂಡಿಗಳ ನೆತ್ತಿಯ ಮೇಲೆ ತುಕ್ಕಿನ ಕಲೆ! ಕುಪ್ಪಸ ಮಗಳದ್ದು, ಬೈಗುಳ ನನಗೆ.

ಈಗ ಚಿಪ್ಪನ್ನು ಉಪ್ಪುಕಾಗದದಲ್ಲಿ ತಿಕ್ಕಿ, ರೇಷ್ಮೆಯ ಕೆಳಗೆ ತೆಳು ಲೈನಿಂಗ್ ಕೊಟ್ಟು, ಅಂಚಿನ ಸುತ್ತ ಟಾಕಿ (ಹೊಲಿಗೆ) ಹಾಕಿ ನೂಲು ಎಳೆದು, ಚಿಪ್ಪಿನ ಹಿಂಬದಿ ಮುಚ್ಚುವ ಹಿಂಬಿಲ್ಲೆ ಒತ್ತುತ್ತೇನೆ. ಬಟ್ಟೆಯ ಬಿಲ್ಲೆ ಗುಂಡಿಯ ಎರಡರಷ್ಟು ಅಗಲಕ್ಕಿಂತ ಕೂದಲೆಳೆ ಕಡಿಮೆ ಇರಲಿ, ಹೆಚ್ಚಾದರೆ ಹಿಂಬಿಲ್ಲೆ ಕೂರುವುದಿಲ್ಲ. ಬೆಲ್ಟಿಗೆ ಮಾತ್ರ ಹೊಸ ಬಕ್ರಮ್ಮೇ ತನ್ನಿ. ಹಳೆಯದು ಮಡಿಸಿದ ಗೆರೆಯಲ್ಲೇ ಮುರಿಯಿತು. ಬಕಲ್‌ಗಳಿಗೆ ನಾನಿನ್ನೂ ಕೈ ಹಾಕಿಲ್ಲ, ಮಳೆ ಬಿಡಲಿ.