ನಿಮ್ಮ ಬ್ಯಾಂಕಿಗೆ ನೀವೇ ಮ್ಯಾನೇಜರ್, ನೀವೇ ವಾಚ್‌ಮನ್

ಕ್ರಿಪ್ಟೋ, ಅಂದರೆ ಬಿಟ್‌ಕಾಯಿನ್‌ನಂಥ ಡಿಜಿಟಲ್ ನಾಣ್ಯಗಳ, ಭಕ್ತರ ಬಾಯಲ್ಲಿ ಸದಾ ಒಂದು ಮಂತ್ರ ಇರುತ್ತದೆ: ನಿಮಗೆ ನೀವೇ ಬ್ಯಾಂಕ್ ಆಗಿ. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಜೀವಮಾನವೆಲ್ಲ ಬ್ಯಾಂಕಿನ ಕೌಂಟರ್ ಮುಂದೆ ಕೈಕಟ್ಟಿ ನಿಂತವನಿಗೆ ಏಕಾಏಕಿ ಮ್ಯಾನೇಜರ್ ಕುರ್ಚಿ! ಕೂತ ಮೇಲೆ ಗೊತ್ತಾಗುತ್ತದೆ, ಈ ಬ್ಯಾಂಕಿನಲ್ಲಿ ಕ್ಯಾಷಿಯರ್ ಇಲ್ಲ, ಗುಮಾಸ್ತ ಇಲ್ಲ, ದೂರು ಕೇಳುವವರು ಇಲ್ಲ, ರಾತ್ರಿ ಬಾಗಿಲು ಕಾಯೋಕೆ ಒಬ್ಬ ವಾಚ್‌ಮನ್ ಕೂಡ ಇಲ್ಲ. ಎಲ್ಲ ಕೆಲಸ ಅವನದೇ. ಸಂಬಳ ಮಾತ್ರ ಯಾರೂ ಕೊಡೋದಿಲ್ಲ.

ಈ ಮಂತ್ರ ಜಾಸ್ತಿ ಕೇಳಿಸುವುದು ಬಡ ದೇಶಗಳಲ್ಲೇ. ಅಲ್ಲಿ ಹಣದ ಕಾಯಿಲೆ ಇರುವುದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ದೂರದ ದೇಶದಲ್ಲಿ ದುಡಿಯುವವರು ಮನೆಗೆ ನೂರು ಡಾಲರ್ ಕಳಿಸಿದರೆ ಜಗತ್ತಿನ ಸರಾಸರಿ ಲೆಕ್ಕದಲ್ಲಿ ಆರು ಡಾಲರ್‌ಗೂ ಜಾಸ್ತಿ ದಾರಿಯಲ್ಲೇ ಸೋರಿ ಹೋಗುತ್ತದೆ. ವೆನೆಜುವೆಲಾದಲ್ಲೋ ಅರ್ಜೆಂಟೀನಾದಲ್ಲೋ ಸಂಬಳವನ್ನು ಸ್ವಂತ ದೇಶದ ನೋಟಿನಲ್ಲಿ ಇಟ್ಟುಕೊಂಡರೆ ಅದು ಬಿಸಿಲಿಗಿಟ್ಟ ಬೆಣ್ಣೆ. ಅಲ್ಲಿನವರು ಫೋನಿನಲ್ಲಿ ನಾಲ್ಕು ಯುಎಸ್‌ಡಿಟಿ, ಅಂದರೆ ಡಾಲರ್ ಬೆಲೆಗೆ ಕಟ್ಟಿಹಾಕಿದ ಕ್ರಿಪ್ಟೋ ನಾಣ್ಯ, ಇಟ್ಟುಕೊಂಡರೆ ಅದು ಬದುಕುವ ದಾರಿ, ನಗೋಕೆ ಅದರಲ್ಲಿ ಏನೂ ಇಲ್ಲ. ನನಗೆ ನಗು ಬರುವುದು ಅಂಥವರಿಗೆ ಮೇಲಿನಿಂದ ಭಾಷಣ ಮಾಡಿದವರನ್ನು ನೋಡಿದಾಗ.

ಮಧ್ಯ ಅಮೆರಿಕದ ಪುಟ್ಟ ದೇಶ ಎಲ್ ಸಾಲ್ವಡಾರ್ ಕಥೆಯನ್ನೇ ನೋಡಿ. 2021ರ ಜೂನ್‌ನಲ್ಲಿ ಅಧ್ಯಕ್ಷ ನಯೀಬ್ ಬುಕೆಲೆ, ಬಿಟ್‌ಕಾಯಿನ್ ಇನ್ನು ನಮ್ಮಲ್ಲಿ ಕಾನೂನುಬದ್ಧ ಹಣ ಅಂತ ಘೋಷಿಸಿದರು. ಎಲ್ಲಿ? ಅಮೆರಿಕದ ಮಯಾಮಿಯ ಬಿಟ್‌ಕಾಯಿನ್ ಸಮ್ಮೇಳನದಲ್ಲಿ, ವಿಡಿಯೋ ಪರದೆ ಮೇಲೆ, ಇಂಗ್ಲಿಷ್‌ನಲ್ಲಿ. ಸ್ಪ್ಯಾನಿಷ್ ಮಾತಾಡುವ ಸ್ವಂತ ಜನರಿಗೆ ವಿಷಯ ಮುಟ್ಟಿದ್ದು ಸುತ್ತು ಹೊಡೆದು. ಕೆಲವೇ ದಿನಗಳಲ್ಲಿ ಸಂಸತ್ತು 84ರಲ್ಲಿ 62 ಮತ ಹಾಕಿ ಮುಗಿಸಿತು. ಸೆಪ್ಟೆಂಬರ್ 7ಕ್ಕೆ ಕಾನೂನು ಜಾರಿ. ಆ ಕಾನೂನಿನ ಏಳನೇ ವಿಧಿ ಏನು ಹೇಳಿತು ಅಂದರೆ, ಗಿರಾಕಿ ಬಿಟ್‌ಕಾಯಿನ್ ಕೊಟ್ಟರೆ ವ್ಯಾಪಾರಿ ತಗೊಳ್ಳಲೇಬೇಕು. ಯಾರ ಹಂಗೂ ಇಲ್ಲದ, ಯಾವ ಸರ್ಕಾರದ ಬಲವಂತವೂ ಇಲ್ಲದ ಸ್ವತಂತ್ರ ಹಣ ಅಂತ ಹೆಸರು ಮಾಡಿದ್ದನ್ನು ಸರ್ಕಾರವೇ ಬಲವಂತವಾಗಿ ಕೈಗೆ ತುರುಕಿತು.

ಜನರಿಗೆ ಚೀವೋ ಅಂತ ಒಂದು ಸರ್ಕಾರಿ ವಾಲೆಟ್, ಅಂದರೆ ಬಿಟ್‌ಕಾಯಿನ್ ಇಟ್ಟುಕೊಳ್ಳುವ ಆ್ಯಪ್, ಕೊಟ್ಟರು. ಅಲ್ಲಿನ ಆಡುಮಾತಿನಲ್ಲಿ ಚೀವೋ ಅಂದರೆ ಸೂಪರ್ ಅಂತ. ಡೌನ್‌ಲೋಡ್ ಮಾಡಿದವರಿಗೆಲ್ಲ 30 ಡಾಲರ್ ಬಿಟ್‌ಕಾಯಿನ್ ಉಚಿತ. ಮೊದಲ ದಿನವೇ ಸರ್ವರ್ ಸುಸ್ತಾಗಿ ಮಲಗಿತು. ಅದೇ ದಿನ ಬಿಟ್‌ಕಾಯಿನ್ ಕೂಡ 52 ಸಾವಿರ ಡಾಲರ್‌ನಿಂದ 43 ಸಾವಿರದ ಹತ್ತಿರಕ್ಕೆ ಜಾರಿತು. ಇನ್ನು ಕೆಲವರು ಖುಷಿಯಿಂದ ಆ್ಯಪ್ ತೆರೆದರೆ, ಅವರ ಗುರುತಿನ ಚೀಟಿ ನಂಬರ್‌ನಲ್ಲಿ ಆಗಲೇ ಯಾರೋ ಖಾತೆ ಮಾಡಿ ಮೂವತ್ತು ಡಾಲರ್ ಎತ್ತಿಕೊಂಡು ಹೋಗಿದ್ದರು. ತನ್ನದೇ ಬ್ಯಾಂಕು ಉದ್ಘಾಟನೆ ಆಗುವ ಮುಂಚೆಯೇ ದರೋಡೆ! ಅದೃಷ್ಟವಂತರು ಏಟಿಎಂ ಮುಂದೆ ಸಾಲು ನಿಂತು ಅದನ್ನು ಡಾಲರ್ ಮಾಡಿಕೊಂಡು ಮನೆಗೆ ಹೋದರು. ಉಚಿತದ ದುಡ್ಡು ಖರ್ಚಾದ ಮೇಲೆ ಬಹುಪಾಲು ಜನ ಆ ಆ್ಯಪ್ ಕಡೆ ತಲೆ ಹಾಕಲಿಲ್ಲ. ಹೊರದೇಶದಿಂದ ದುಡ್ಡು ಕಳಿಸುವ ಖರ್ಚು ಉಳಿಸೋಕೆ ಅಂತಲೇ ಇಷ್ಟೆಲ್ಲ ಮಾಡಿದ್ದು ಅಲ್ವಾ, 2022ರಲ್ಲಿ ಹಾಗೆ ಬಂದ ಒಟ್ಟು ದುಡ್ಡಿನಲ್ಲಿ ಕ್ರಿಪ್ಟೋ ಪಾಲು ನೂರಕ್ಕೆ ಎರಡೂ ದಾಟಲಿಲ್ಲ.

ಅಷ್ಟರಲ್ಲಿ ಬಿಟ್‌ಕಾಯಿನ್ ಸಿಟಿ ಬೇರೆ. ಕೊಂಚಾಗುವಾ ಜ್ವಾಲಾಮುಖಿಯ ಪಕ್ಕದಲ್ಲಿ ನಾಣ್ಯದ ಹಾಗೆ ದುಂಡಗಿನ ನಗರ, ಜ್ವಾಲಾಮುಖಿಯ ಬಿಸಿಯಿಂದಲೇ ಕರೆಂಟು, ಖರ್ಚಿಗೆ ನೂರು ಕೋಟಿ ಡಾಲರ್‌ನ ಬಾಂಡ್. ಬಂಗಾರದ ಬಣ್ಣದ ಮಾದರಿಯನ್ನೂ ಮಾಡಿ ತೋರಿಸಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸೋದು ಗೊತ್ತಿತ್ತು, ಕುಲಾವಿಗೆ ಬಂಗಾರದ ಅಂಚು ಹಾಕಿಸಿದ್ದನ್ನು ನೋಡಿದ್ದು ಇದೇ ಮೊದಲು. ಕೊನೆಗೆ ಆಗಿದ್ದಿಷ್ಟು: ಬ್ಯಾಂಕುಗಳ ಹಂಗು ಬೇಡ ಅಂದ ದೇಶ 140 ಕೋಟಿ ಡಾಲರ್ ಸಾಲಕ್ಕೆ ಐಎಂಎಫ್, ಅಂದರೆ ಅಂತಾರಾಷ್ಟ್ರೀಯ ಹಣಕಾಸು ನಿಧಿಯ, ಬಾಗಿಲು ತಟ್ಟಿತು. ಮೊದಲು ಆ ಕಾನೂನು ಸಡಿಲ ಮಾಡಿ ಅಂದರು ಅವರು. 2025ರ ಜನವರಿಯಲ್ಲಿ ಸಂಸತ್ತು ಕಾನೂನು ತಿದ್ದಿತು. ಈಗ ಬಿಟ್‌ಕಾಯಿನ್ ತಗೊಳ್ಳೋದು ಬಿಡೋದು ವ್ಯಾಪಾರಿಯ ಇಷ್ಟ.

ಇದನ್ನು ನೋಡಿ ಯಾರಾದರೂ ಕಲಿತರಾ? 2022ರ ಏಪ್ರಿಲ್‌ನಲ್ಲಿ ಮಧ್ಯ ಆಫ್ರಿಕಾ ಗಣರಾಜ್ಯವೂ ಅದೇ ಹಾದಿ ಹಿಡಿಯಿತು. ಅಲ್ಲಿ ಕರೆಂಟು ಇರುವವರೇ ಕಡಿಮೆ, ಇಂಟರ್ನೆಟ್ ಹತ್ತರಲ್ಲಿ ಒಬ್ಬರಿಗೆ ಸಿಕ್ಕಿದರೆ ಹೆಚ್ಚು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ. ಸಾಲದ್ದಕ್ಕೆ ಸಾಂಗೋ ಅಂತ ಸ್ವಂತ ನಾಣ್ಯ ತಂದು, 60 ಸಾವಿರ ಡಾಲರ್‌ನಷ್ಟು ಕೊಂಡವರಿಗೆ ಪೌರತ್ವ ಕೊಡುತ್ತೇವೆ ಅಂದರು. ಪೌರತ್ವ ಅಂಗಡಿ ಸಾಮಾನಲ್ಲ ಅಂತ ಅವರದೇ ಸಾಂವಿಧಾನಿಕ ನ್ಯಾಯಾಲಯ ತಡೆ ಹಾಕಿತು. ಒಂದು ವರ್ಷ ತುಂಬುವಷ್ಟರಲ್ಲಿ ಬಿಟ್‌ಕಾಯಿನ್ ಕಾನೂನನ್ನೂ ಮಡಚಿಟ್ಟರು. ವೆನೆಜುವೆಲಾ ಸರ್ಕಾರ ಇದಕ್ಕೂ ಮುಂಚೆಯೇ, 2018ರಲ್ಲಿ, ನೆಲದೊಳಗಿನ ತೈಲ ತೋರಿಸಿ ಪೆಟ್ರೋ ಅಂತ ನಾಣ್ಯ ಬಿಟ್ಟಿತ್ತು. ತೈಲ ನೆಲದೊಳಗೇ ಉಳಿಯಿತು, ನಾಣ್ಯ 2024ರ ಜನವರಿಯಲ್ಲಿ ನೆಲ ಸೇರಿತು. ನೈಜೀರಿಯಾದಲ್ಲಿ ಇನ್ನೊಂದು ರೀತಿ. 2021ರ ಫೆಬ್ರವರಿಯಲ್ಲಿ ಬ್ಯಾಂಕುಗಳು ಕ್ರಿಪ್ಟೋ ಮುಟ್ಟಬಾರದು ಅಂತ ಆದೇಶ, ಅಕ್ಟೋಬರ್‌ನಲ್ಲಿ ಸರ್ಕಾರದ್ದೇ ಡಿಜಿಟಲ್ ಹಣ ಇ-ನೈರಾ. ಜನ ಇ-ನೈರಾ ಬಿಟ್ಟು ಮುಟ್ಟಬಾರದ್ದನ್ನೇ ಮುಟ್ಟಿಕೊಂಡು ಕೂತರು. 2023ರ ಡಿಸೆಂಬರ್‌ನಲ್ಲಿ ಆದೇಶವೇ ವಾಪಸ್ಸು.

ಸರಿ, ದೊಡ್ಡವರ ಮಾತು ಬಿಡಿ. ಸುಮ್ನೆ ಬೇರೆಯವರನ್ನು ಆಡಿಕೊಳ್ಳೋದು ಸರಿಯಲ್ಲ ಅಂತ ನಾನೂ ಒಂದು ವಾಲೆಟ್ ಮಾಡಿಕೊಂಡೆ.

ಆ್ಯಪ್ ತೆರೆದ ತಕ್ಷಣ ಹನ್ನೆರಡು ಪದ ಬಂದವು. ಇವೇ ನಿಮ್ಮ ಬೀಗದ ಕೈ, ಕಳೆದರೆ ದುಡ್ಡು ಹೋಯಿತು, ಬೇರೆಯವರು ನೋಡಿದರೂ ದುಡ್ಡು ಹೋಯಿತು, ಸ್ಕ್ರೀನ್‌ಶಾಟ್ ತೆಗೆಯಬೇಡಿ, ಕಾಗದದ ಮೇಲೆ ಬರೆಯಿರಿ ಅಂತ ಕೆಂಪಕ್ಷರದ ಎಚ್ಚರಿಕೆ. ಇಂಟರ್ನೆಟ್ ಯುಗದ ಹಣ ಕಾಯೋಕೆ ಕೊನೆಗೆ ಬೇಕಾಗಿದ್ದು ಪೆನ್ನು, ಕಾಗದ. ಆ ಪದಗಳು ಬರುವುದು 2048 ಪದಗಳ ಒಂದು ಪಟ್ಟಿಯಿಂದ. ಇಂಗ್ಲಿಷ್, ಸ್ಪ್ಯಾನಿಷ್, ಜಪಾನಿ, ಝೆಕ್ ಭಾಷೆಗಳಿಗೆಲ್ಲ ಆ ಪಟ್ಟಿ ಇದೆ, ಭಾರತದ ಅಥವಾ ಆಫ್ರಿಕಾದ ಮಣ್ಣಿನ ಒಂದು ಭಾಷೆಗೂ ಇಲ್ಲ. ಬ್ಯಾಂಕು ಮುಟ್ಟದವರಿಗೇ ಮಾಡಿದ ವ್ಯವಸ್ಥೆ ಅಂತೆ! ಇಂಗ್ಲಿಷ್ ಪಟ್ಟಿಯ ಮೊದಲನೇ ಪದ ಅಬಾಂಡನ್. ಅಂದರೆ ಕೈಬಿಡು. ಆ್ಯಪ್ ಪ್ರಾಮಾಣಿಕವಾಗಿಯೇ ಇದೆ, ನಾವೇ ಅರ್ಥ ಮಾಡಿಕೊಳ್ಳೋದಿಲ್ಲ.

ಬರೆದುಕೊಂಡೆ. ತಕ್ಷಣ ಪರೀಕ್ಷೆ. ನಾಲ್ಕನೇ ಪದ ಯಾವುದು? ಒಂಬತ್ತನೇದು? ಒಂಬತ್ತನೇದು ನನ್ನ ಕೈಬರಹದಲ್ಲಿ ನನಗೇ ಓದೋಕೆ ಆಗಲಿಲ್ಲ. ಅಂದಾಜಿನಲ್ಲಿ ಒತ್ತಿದೆ, ಪಾಸಾದೆ.

ಆಮೇಲೆ ಬಲ್ಲವರ ಸಲಹೆ ಕೇಳಿದೆ. ಫೋನಿನಲ್ಲಿ ಜಾಸ್ತಿ ಇಡಬೇಡ, ಹಾರ್ಡ್‌ವೇರ್ ವಾಲೆಟ್, ಅಂದರೆ ಬೀಗದ ಕೈ ಬಚ್ಚಿಡುವ ಪುಟ್ಟ ಸಾಧನ, ತಗೋ ಅಂದರು. ನಾನು ನೋಡಿದ್ದರ ಬೆಲೆ ಎಲ್ ಸಾಲ್ವಡಾರ್‌ನಲ್ಲಿ ಉಚಿತವಾಗಿ ಕೊಟ್ಟ ಆ ಮೂವತ್ತು ಡಾಲರ್‌ಗಿಂತ ಜಾಸ್ತಿ. ಮೂಗಿಗಿಂತ ಮೂಗುತಿ ಭಾರ. ಕಾಗದ ಸುಟ್ಟುಹೋಗುತ್ತೆ, ಪದಗಳನ್ನು ಉಕ್ಕಿನ ತಗಡಿನ ಮೇಲೆ ಕೆತ್ತಿಸು ಅಂದರು. ಗುಟ್ಟಿನ ಪದಗಳನ್ನು ಕೆತ್ತುವವನಿಗೆ ಹೇಗೆ ಹೇಳೋದು ಅಂದಿದ್ದಕ್ಕೆ, ನೀನೇ ಕೆತ್ತು ಅಂದರು. ಮ್ಯಾನೇಜರ್, ವಾಚ್‌ಮನ್ ಆಯಿತು, ಈಗ ಕಮ್ಮಾರಿಕೆ. ಇಷ್ಟೆಲ್ಲ ಕಷ್ಟ ಯಾಕೆ, ಕ್ರಿಪ್ಟೋ ಕೊಡುಕೊಳ್ಳುವ ಎಕ್ಸ್‌ಚೇಂಜ್ ಕಂಪನಿಯಲ್ಲೇ ಬಿಡು ಅಂತ ಇನ್ನೊಬ್ಬರು. 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಅನ್ನೋ ದೊಡ್ಡ ಎಕ್ಸ್‌ಚೇಂಜ್ ಮುಳುಗಿದಾಗ ಹಾಗೆ ಬಿಟ್ಟವರು ಏನಾದರು ಅಂತ ಕೇಳಿದೆ, ಅವರು ಮಾತು ಬದಲಾಯಿಸಿದರು.

ಇನ್ನು ಬಳಸುವ ಸಂಭ್ರಮ. ಪರೀಕ್ಷೆಗೆ ಅಂತ ಸ್ನೇಹಿತರೊಬ್ಬರು ಸ್ವಲ್ಪ ಯುಎಸ್‌ಡಿಟಿ ಕಳಿಸಿದರು. ಕಳಿಸುವ ಮುಂಚೆ ಯಾವ ನೆಟ್‌ವರ್ಕ್ ಅಂತ ಮೂರು ಸಲ ಕೇಳಿದರು. ಟ್ರಾನ್ ಅನ್ನೋ ನೆಟ್‌ವರ್ಕ್ ಬದಲು ಬೇರೆ ದಾರಿಯಲ್ಲಿ ಕಳಿಸಿದರೆ ದುಡ್ಡು ಎಲ್ಲೋ ಹೋಗಿ ಕೂರುತ್ತದಂತೆ. ವಿಳಾಸದ ಮೊದಲ, ಕೊನೆಯ ಅಕ್ಷರ ಮಾತ್ರ ನೋಡಬೇಡ, ಪೂರ್ತಿ ನೋಡು ಅಂತಲೂ ಹೇಳಿದರು. ಹಿಂದುಮುಂದು ಒಂದೇ ಥರ ಕಾಣುವ ವಿಳಾಸ ಮಾಡಿಟ್ಟುಕೊಂಡು, ಹಳೇ ವ್ಯವಹಾರಗಳ ಪಟ್ಟಿಯಲ್ಲಿ ತೂರಿಸಿ ಕಾಯುವ ಕಳ್ಳರು ಇದ್ದಾರಂತೆ. ದುಡ್ಡು ಬಂತು. ವಾಪಸ್ಸು ಕಳಿಸೋಣ ಅಂತ ಒತ್ತಿದರೆ, ಶುಲ್ಕಕ್ಕೆ ಟ್ರಾನ್‌ನ ಸ್ವಂತ ನಾಣ್ಯ ಟಿಆರ್‌ಎಕ್ಸ್ ಇಲ್ಲ ಅಂತು ಆ್ಯಪ್. ಅಂದರೆ ಜೇಬಿನಲ್ಲಿ ದುಡ್ಡಿದೆ, ಜೇಬಿನ ಜಿಪ್ ಎಳೆಯೋಕೆ ಇನ್ನೊಂದು ಜಾತಿಯ ನಾಣ್ಯ ಬೇಕು. ಅದನ್ನು ಕೊಳ್ಳೋಕೆ ಎಕ್ಸ್‌ಚೇಂಜ್ ಬೇಕು, ಎಕ್ಸ್‌ಚೇಂಜ್‌ಗೆ ಗುರುತಿನ ಚೀಟಿ, ಫೋಟೋ, ಮತ್ತೆ ಏನು ಗೊತ್ತಾ, ಬ್ಯಾಂಕ್ ಖಾತೆ ಬೇಕು.

ಇದರ ಮಧ್ಯೆ ಫೋನ್ ಕೆಟ್ಟಿತು. ಹೊಸ ಫೋನಿಗೆ ಆ್ಯಪ್ ಹಾಕಿದರೆ ಹನ್ನೆರಡು ಪದ ಕೇಳಿತು. ಕಾಗದ ಹುಡುಕಿದೆ. ಸಿಕ್ಕಿತು, ಯಾರಿಗೂ ಸಿಗದ ಜಾಗದಲ್ಲೇ ಇಟ್ಟಿದ್ದೆ. ಪದ ಹಾಕಿದೆ, ತಪ್ಪು ಅಂತು. ಏನು ಮಾಡೋದು ಅಂತ ಟೆಲಿಗ್ರಾಂ ಗುಂಪಿನಲ್ಲಿ ಒಂದು ಸಾಲು ಕೇಳಿದೆ, ಎರಡು ನಿಮಿಷ ಆಗಿರಲಿಲ್ಲ, ಸಹಾಯ ವಿಭಾಗದಿಂದ ಅಂತ ಒಬ್ಬರು ಖುದ್ದಾಗಿ ಮೆಸೇಜ್ ಮಾಡಿದರು. ಸರ್, ಚಿಂತೆ ಬೇಡ ಸರ್, ನಾವಿದ್ದೇವೆ ಸರ್, ಆ ಹನ್ನೆರಡು ಪದ ಮಾತ್ರ ಇಲ್ಲಿ ಹಾಕಿ ಸರ್. ಸ್ವಂತ ಬ್ಯಾಂಕು ತೆರೆದ ಮೇಲೆ ನನ್ನನ್ನು ಇಷ್ಟು ಮರ್ಯಾದೆಯಿಂದ ಮಾತಾಡಿಸಿದವರು ಅವರೊಬ್ಬರೇ. ದಿನಕ್ಕೆ ನಾಲ್ಕು ಸಲ ಈಗಲೂ ಕೇಳುತ್ತಾರೆ. ಒಂಬತ್ತನೇ ಪದ ಓದೋಕೆ ಆಗ್ತಿಲ್ಲ, ನಿಮಗೇನಾದರೂ ಗೊತ್ತಾದರೆ ನನಗೂ ತಿಳಿಸಿ ಅಂತ ಉತ್ತರ ಬರೆದಿದ್ದೇನೆ.