1970ರ ದಶಕದ ಡಿ-28 ಅಷ್ಟೊಂದು ಬೈಯಿಸಿಕೊಳ್ಳುವ ಗಿಟಾರ್ ಅಲ್ಲ

ಹಳೇ ಗಿಟಾರ್ ಮಾತು ಬಂದರೆ ಸಾಕು, ಮೊದಲ ಪ್ರಶ್ನೆ ಯಾವ ಇಸವಿದು ಅಂತ. ಆಮೇಲೆ ಯಾವ ಮರದ್ದು ಅಂತ. ಹೇಗೆ ನುಡಿಯುತ್ತದೆ ಅಂತ ಕೇಳುವವರು ಕಮ್ಮಿ. ಬಹಳ ಕಾಲದಿಂದ ಆಸೆಪಟ್ಟಿದ್ದ, ಅಮೆರಿಕದ ಮಾರ್ಟಿನ್ ಕಂಪನಿಯ ಡಿ-28 ಗಿಟಾರ್ ಕೊನೆಗೂ ನನ್ನ ಕೈಗೆ ಬಂದಿದೆ. ಸೆಕೆಂಡ್ ಹ್ಯಾಂಡ್, 1974ರದ್ದು. ಇಸವಿ ಹೇಳಿದ ತಕ್ಷಣ ಕೆಲವು ಗೆಳೆಯರ ಉತ್ಸಾಹವೇ ಇಳಿದುಹೋಯಿತು. ‘ಅಯ್ಯೋ, ಎಪ್ಪತ್ತರ ದಶಕದ್ದಾ? ಇನ್ನೂ ಸ್ವಲ್ಪ ಕಾಯಬಹುದಿತ್ತು’ ಅಂದರು. ಅವರಿಗೆ ಒಟ್ಟಿಗೆ ಉತ್ತರ ಕೊಡೋಣ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಈ ಬೇಸರಕ್ಕೆ ಕಾರಣ ಇಲ್ಲದಿಲ್ಲ. ಡ್ರೆಡ್‌ನಾಟ್ ಅನ್ನುವ ಈ ಅಗಲ ಸೊಂಟದ ದೊಡ್ಡ ಗಿಟಾರನ್ನು ಮಾರ್ಟಿನ್ ಕಂಪನಿ 1916ರಲ್ಲಿ ಡಿಟ್ಸನ್ ಅನ್ನುವ ಅಂಗಡಿಗಾಗಿ ಮೊದಲು ಮಾಡಿತು. ಹೆಸರು ಬಂದಿದ್ದು ಬ್ರಿಟಿಷರ ಯುದ್ಧನೌಕೆಯಿಂದ. 1930ರ ದಶಕದಲ್ಲಿ ತನ್ನದೇ ಹೆಸರಲ್ಲಿ ಮಾಡತೊಡಗಿದಾಗ ಡಿ-28 ಬಂತು. ಆಗ ಟಾಪ್‌ನ, ಅಂದರೆ ಮುಂಭಾಗದ ಹಲಗೆಯ, ಒಳಗೆ ಅಂಟಿಸುವ ಪಟ್ಟಿಗಳನ್ನು ಅಲ್ಲಲ್ಲಿ ಕೆತ್ತಿ ತೆಳುಮಾಡುತ್ತಿದ್ದರು. ಹಾಗಾಗಿ ಟಾಪ್ ಹಗುರವಾಗಿ ಅದುರುತ್ತಿತ್ತು. ಜನ ಭಾರಿ ತಂತಿ ಹಾಕಿ ನುಡಿಸತೊಡಗಿದರು, ಟಾಪ್ ಉಬ್ಬತೊಡಗಿತು. 1944ರಲ್ಲಿ ಕಂಪನಿ ಆ ಕೆತ್ತನೆ ನಿಲ್ಲಿಸಿತು. 1976ರಲ್ಲಿ ಎಚ್‌ಡಿ-28 ಅನ್ನುವ ಮಾದರಿ ಬಂದಾಗಲೇ ಅದು ವಾಪಸ್ ಬಂದಿದ್ದು. 1969ರವರೆಗೆ ಹಿಂಭಾಗಕ್ಕೂ ಪಕ್ಕಕ್ಕೂ ಬ್ರೆಜಿಲ್‌ನ ರೋಸ್‌ವುಡ್ ಹಾಕುತ್ತಿದ್ದರು. ಆಮೇಲೆ ಅದು ಸಿಗುವುದು ಕಷ್ಟವಾಗಿ ಭಾರತದ ರೋಸ್‌ವುಡ್‌ಗೆ ಬಂದರು. ಅಂದರೆ ನಮ್ಮ ಬೀಟೆ. ಅದೇ ಹೊತ್ತಿಗೆ, ಟಾಪ್ ಮೇಲೆ ತಂತಿಗಳನ್ನು ಹಿಡಿದಿಡುವ ಬ್ರಿಡ್ಜ್ ಕೆಳಗೆ ಒಳಗಡೆ ಇರುವ ಚಿಕ್ಕ ಮೇಪಲ್ ಹಲಗೆ ಹೋಗಿ ದೊಡ್ಡ ರೋಸ್‌ವುಡ್ ಹಲಗೆ ಬಂತು. ಗಿರಾಕಿಗಳೂ ಜಾಸ್ತಿಯಾದರು. 1971 ಒಂದೇ ವರ್ಷ 22 ಸಾವಿರಕ್ಕೂ ಹೆಚ್ಚು ಗಿಟಾರ್ ಮಾಡಿದರು. ಹೀಗೆ ಕೆತ್ತನೆ ಇಲ್ಲ, ಬ್ರೆಜಿಲ್ ಮರ ಇಲ್ಲ, ಅಪರೂಪವೂ ಅಲ್ಲ ಅಂತ ಈ ದಶಕಕ್ಕೆ ಕೆಟ್ಟ ಹೆಸರು ಬಂತು.

ಬ್ರೆಜಿಲ್ ಮರದ ಮಾತಂತೂ ನನಗೆ ಒಪ್ಪಿಗೆ ಇಲ್ಲ. 2018ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಒಂದು ಅಧ್ಯಯನ ಪ್ರಕಟಿಸಿದರು. ಹಿಂಭಾಗ, ಪಕ್ಕದ ಮರ ಮಾತ್ರ ಬೇರೆ ಬೇರೆ, ಉಳಿದದ್ದೆಲ್ಲ ಒಂದೇ ಥರ ಇರುವ ಆರು ಗಿಟಾರ್ ಮಾಡಿಸಿದರು. ಅದರಲ್ಲಿ ಬ್ರೆಜಿಲ್ ರೋಸ್‌ವುಡ್ ಇತ್ತು, ಬೀಟೆ ಇತ್ತು, ಮಹಾಗನಿ, ಮೇಪಲ್ ಕೂಡ ಇದ್ದವು. ಬೆಳಕು ಕಮ್ಮಿ ಮಾಡಿ, ವೆಲ್ಡಿಂಗ್ ಕನ್ನಡಕ ಹಾಕಿಸಿ, 52 ಜನ ಗಿಟಾರ್ ವಾದಕರ ಕೈಲಿ ನುಡಿಸಿದರು. ಯಾವ ಮರಕ್ಕೂ ಹೇಳಿಕೊಳ್ಳುವಂಥ ಮೇಲುಗೈ ಸಿಗಲಿಲ್ಲ. ಟಾಪ್‌ಗೆ ಯಾವ ಮರ, ಎಷ್ಟು ದಪ್ಪ, ಒಳಗಿನ ಪಟ್ಟಿ ಹೇಗಿದೆ ಅನ್ನುವುದು ಬೇರೆ ಮಾತು. ಸ್ವರದ ಹೆಚ್ಚಿನ ಕೆಲಸ ನಡೆಯುವುದೇ ಅಲ್ಲಿ. ಆದರೆ ಹಿಂಭಾಗದ ಮರದ ಹೆಸರಿಗೆ ಜನ ಕೊಡುವ ದುಡ್ಡಿದೆಯಲ್ಲ, ಅದು ಕಣ್ಣಿಗೆ ಕೊಡುವ ದುಡ್ಡು, ಅಪರೂಪಕ್ಕೆ ಕೊಡುವ ದುಡ್ಡು. ನನ್ನ ಗಿಟಾರಿನ ಹಿಂದೆ ಬೀಟೆಯ ಕಡು ಕಂದು, ನಡುವೆ ನೇರಳೆ ಗೆರೆ. ನನಗಂತೂ ಅದೇ ಚೆಂದ.

ಇನ್ನೊಂದು ವಿಷಯ ಇದೆ. ಬ್ರೆಜಿಲ್ ರೋಸ್‌ವುಡ್ 1992ರಿಂದ ಸೈಟಿಸ್ ಅನ್ನುವ, ಅಳಿವಿನಂಚಿನ ಗಿಡ-ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಅತಿ ಬಿಗಿಯಾದ ಪಟ್ಟಿಯಲ್ಲಿದೆ. ಅಂಥ ಗಿಟಾರನ್ನು ಒಂದು ದೇಶದಿಂದ ಇನ್ನೊಂದಕ್ಕೆ ಮಾರಬೇಕಾದರೆ ಕಾಗದಪತ್ರ ಸರಿಯಿರಬೇಕು. 2017ರಲ್ಲಿ ಬೀಟೆಗೂ ನಿಯಮ ಬಂತು. ಆದರೆ ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಗಿಟಾರ್ ಹೊತ್ತು ಊರೂರು ತಿರುಗುವವರಿಗೆ ಇದು ಚಿಕ್ಕ ನೆಮ್ಮದಿ ಅಲ್ಲ.

ಹಾಗಂತ 1970ರ ದಶಕದ್ದು ಅಂದರೆ ಕಣ್ಣುಮುಚ್ಚಿ ತಗೊಳ್ಳಿ ಅಂತ ನಾನು ಹೇಳುತ್ತಿಲ್ಲ. ನೋಡಬೇಕಾದ್ದನ್ನು ನೋಡಲೇಬೇಕು. ಎಲ್ಲಕ್ಕಿಂತ ಮುಖ್ಯ ನೆಕ್‌ನ, ಅಂದರೆ ಎಡಗೈಯಲ್ಲಿ ಹಿಡಿಯುವ ಉದ್ದ ಭಾಗದ, ಕೋನ. ಆರು ಉಕ್ಕಿನ ತಂತಿಗಳು ಸೇರಿ ಹತ್ತಿರ ಹತ್ತಿರ 70 ಕೆಜಿ ತೂಕದಷ್ಟು ಎಳೆಯುತ್ತವೆ. ಹಗಲು ರಾತ್ರಿ, ನುಡಿಸಿದರೂ ನುಡಿಸದಿದ್ದರೂ. ಐವತ್ತು ವರ್ಷ ಹಾಗೆ ಎಳೆದರೆ ಡಬ್ಬಿಯ ಆಕಾರವೇ ಸ್ವಲ್ಪ ಬದಲಾಗುತ್ತದೆ, ನೆಕ್ ಮುಂದಕ್ಕೆ ಬಾಗುತ್ತದೆ, ತಂತಿ ಫ್ರೆಟ್‌ನಿಂದ (ನೆಕ್ ಮೇಲಿನ ಅಡ್ಡ ಲೋಹದ ಗೆರೆಯಿಂದ) ಮೇಲೇಳುತ್ತದೆ. ಒತ್ತಿದರೆ ಬೆರಳು ಕೊಯ್ಯುತ್ತದೆ. ಹಿಂದಿನವರು ಸುಲಭದ ದಾರಿ ಹಿಡಿದು, ಬ್ರಿಡ್ಜ್ ಮೇಲೆ ತಂತಿ ಕೂರುವ ಸ್ಯಾಡಲ್ ಅನ್ನುವ ಪಟ್ಟಿಯನ್ನು ಉಜ್ಜಿ ಉಜ್ಜಿ ತಗ್ಗಿಸಿರುತ್ತಾರೆ. ಸ್ಯಾಡಲ್ ಬ್ರಿಡ್ಜ್‌ಗೆ ಸಮವಾಗಿ ಮಲಗಿಬಿಟ್ಟಿದ್ದರೆ ನೆಕ್ ಕೋನ ಕೆಟ್ಟಿದೆ ಅಂತ ಅಲ್ಲೇ ಅರ್ಥ ಮಾಡಿಕೊಳ್ಳಿ.

ಮಾರುವವರ ಮನೆಯಲ್ಲಿ ನಾನು ಮಾಡಿದ ಮೊದಲ ಕೆಲಸ, ಉದ್ದನೆಯ ಸ್ಟೀಲ್ ಸ್ಕೇಲನ್ನು ಫ್ರೆಟ್‌ಗಳ ಮೇಲೆ ಮಲಗಿಸಿ ಬ್ರಿಡ್ಜ್ ಕಡೆಗೆ ತಳ್ಳಿದ್ದು. ನೆಕ್ ಸರಿಯಿದ್ದರೆ ಸ್ಕೇಲಿನ ತುದಿ ಬ್ರಿಡ್ಜ್‌ನ ಮೇಲಂಚಿಗೆ ಬರಬೇಕು. ಕೆಳಗೆ ಹೋಗಿ ಅದರ ಮೈಗೆ ಗುದ್ದಿದರೆ ನೆಕ್ ರೀಸೆಟ್ ಬಾಕಿ ಇದೆ ಅಂತ. ಇದರಲ್ಲಿ ಸ್ಕೇಲು ಸಲೀಸಾಗಿ ಮೇಲೆ ಹೋಗಿ ಕೂತಿತು. ಹಿಂದಿನ ಯಜಮಾನರು ಕೆಲವು ವರ್ಷ ಮೊದಲೇ ರೀಸೆಟ್ ಮಾಡಿಸಿದ್ದರಂತೆ. ಅದೇನು ಸಣ್ಣ ಕೆಲಸ ಅಲ್ಲ. ಫ್ರೆಟ್ ತೆಗೆದು ತೂತಿನಿಂದ ಹಬೆ ಹಾಯಿಸಿ, ಅಂಟು ಸಡಿಲ ಮಾಡಿ, ನೆಕ್ ಬಿಚ್ಚಿ, ಅದರ ಬುಡವನ್ನು ಕೂದಲೆಳೆಯಷ್ಟು ಕೆತ್ತಿ ಮತ್ತೆ ಕೂರಿಸಬೇಕು. ಕೈ ಪಳಗಿದವರೇ ಆಗಬೇಕು, ಖರ್ಚೂ ಜಾಸ್ತಿ. ಈ ಕಾಲದ ಡಿ-28ರ ನೆಕ್ ಒಳಗೆ ತಿರುಗಿಸಿ ಸರಿಮಾಡುವ ಟ್ರಸ್ ರಾಡ್ ಇಲ್ಲ, ಗಟ್ಟಿ ಉಕ್ಕಿನ ಕೊಳವೆ ಅಷ್ಟೇ. ತಿರುಗಿಸುವ ರಾಡ್ ಬಂದಿದ್ದು 1985ರಲ್ಲಿ. ಅಂದರೆ ನೆಕ್ ಬಾಗಿದ್ದರೆ ನಟ್ಟು ತಿರುಗಿಸಿ ಪಾರಾಗುವ ದಾರಿ ಇಲ್ಲ.

ಟಾಪ್‌ಗೆ ಗೀಟು ಬೀಳದಂತೆ ಅಂಟಿಸುವ ಕಪ್ಪು ಪ್ಲಾಸ್ಟಿಕ್ ಹಾಳೆ, ಪಿಕ್‌ಗಾರ್ಡ್, ಅದರ ಪಕ್ಕದಲ್ಲಿ ಒಂದು ಬಿರುಕಿದೆ. ಫೋಟೋ ನೋಡಿದವರೆಲ್ಲ ಅದನ್ನೇ ತೋರಿಸಿದರು. ಆಗಿನ ಮಾರ್ಟಿನ್‌ಗಳಲ್ಲಿ ಇದು ತೀರಾ ಮಾಮೂಲು. ಪಿಕ್‌ಗಾರ್ಡನ್ನು ಪಾಲಿಶ್ ಇಲ್ಲದ ಬರೀ ಮರಕ್ಕೇ ಅಂಟಿಸುತ್ತಿದ್ದರು. ಪ್ಲಾಸ್ಟಿಕ್ ಕಾಲ ಕಳೆದಂತೆ ಕುಗ್ಗುತ್ತದೆ, ಜೊತೆಗೆ ಮರವನ್ನೂ ಎಳೆದು ಸೀಳುತ್ತದೆ. ಮೊಬೈಲ್ ಟಾರ್ಚ್ ಹಾಕಿ ಚಿಕ್ಕ ಕನ್ನಡಿ ಒಳಗಿಟ್ಟು ನೋಡಿದೆ. ಬಿರುಕಿಗೆ ಅಡ್ಡಲಾಗಿ ಸ್ಪ್ರೂಸ್ ಮರದ ಪುಟ್ಟ ಚೂರುಗಳನ್ನು ಸಾಲಾಗಿ ಅಂಟಿಸಿದ್ದಾರೆ. ಅಂಚು ಸವರಿ ನಯ ಮಾಡಿದ್ದಾರೆ. ಯಾರಿಗೂ ಕಾಣದ ಜಾಗದಲ್ಲಿ ಅಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿದವರು ಯಾರೋ, ಅವರಿಗೆ ನನ್ನ ನಮಸ್ಕಾರ. ಸರಿಯಾಗಿ ರಿಪೇರಿಯಾದ ಬಿರುಕು ಸ್ವರಕ್ಕೆ ತೊಂದರೆ ಕೊಡುವುದಿಲ್ಲ. ತೊಂದರೆ ಕೊಡುವುದು ಸಂಗ್ರಹ ಮಾಡುವವರ ಲೆಕ್ಕಾಚಾರಕ್ಕೆ. ಅದರಿಂದಲೇ ಇಂಥವು ನಮ್ಮಂಥವರ ಕೈಗೆ ಎಟಕುತ್ತವೆ. ಬಿರುಕಿಲ್ಲದ, ಒಂದು ಗೀಟೂ ಇಲ್ಲದ, ಪೆಟ್ಟಿಗೆಯಿಂದ ಹೊರಗೇ ಬರದ ಹಳೇ ಗಿಟಾರನ್ನು ನನಗೆ ಪುಕ್ಕಟೆ ಕೊಟ್ಟರೂ ನುಡಿಸಲು ಧೈರ್ಯ ಬರುವುದಿಲ್ಲ. ನುಡಿಸದ ಗಿಟಾರ್ ಇಟ್ಟುಕೊಂಡು ಏನು ಮಾಡಲಿ?

ಮೈಮೇಲಿನ ಲ್ಯಾಕರ್‌ನಲ್ಲಿ ಸಣ್ಣ ಸಣ್ಣ ಗೆರೆ ಎದ್ದಿವೆ. ಬಲಗೈ ತಾಗುವ ಜಾಗದಲ್ಲಿ ಮಾಸಿದೆ. ಹೊಸ ಪಾಲಿಶ್ ಹೊಡೆಸು ಅಂತ ಪ್ರೀತಿಯಿಂದಲೇ ಹೇಳಿದವರಿದ್ದಾರೆ. ದಯವಿಟ್ಟು ಯಾರೂ ಹಾಗೆ ಮಾಡಿಸಬೇಡಿ. ಹಳೇದನ್ನು ಉಜ್ಜಿ ತೆಗೆಯುವಾಗ ಟಾಪ್‌ನ ಮರವೂ ತೆಳುವಾಗುತ್ತದೆ, ಹೊಸ ಲೇಪ ದಪ್ಪವಾದರೆ ಸ್ವರ ಮಂಕಾಗುತ್ತದೆ. ಮಾರುವ ಬೆಲೆ ಬೀಳುವುದಂತೂ ಗ್ಯಾರಂಟಿ.

ಸ್ವರದ ವಿಷಯಕ್ಕೆ ಬಂದರೆ, ಎಲ್ಲಕ್ಕಿಂತ ದಪ್ಪನೆಯ ಇ ತಂತಿ ಮೀಟಿದರೆ ಎದೆಗೆ ಒರಗಿದ ಹಲಗೆ ಗುಂಯ್ ಅನ್ನುವುದು ಶರ್ಟಿನ ಮೇಲಿಂದಲೇ ಗೊತ್ತಾಗುತ್ತದೆ. ತೆಳು ತಂತಿಗಳು ಚೀರುವುದಿಲ್ಲ, ದುಂಡಗೆ ನುಡಿಯುತ್ತವೆ. 1930ರ ದಶಕದ ಗಿಟಾರಿನಷ್ಟು ಬೇಗ ಮಾತಿಗೆ ಬರುವುದಿಲ್ಲ, ಸ್ವಲ್ಪ ಜೋರಾಗಿ ಮೀಟಬೇಕು. ಆದರೆ ಜೋರಾಗಿ ಮೀಟಿದಾಗ ಕಲಸುಮೇಲೋಗರ ಆಗುವುದಿಲ್ಲ. ಹಾಡಿಗೆ ಜೊತೆಯಾಗಿ ಬಾರಿಸುವ ನನಗೆ ಬೇಕಿದ್ದದ್ದೂ ಇದೇ.

ಈ ಕಾಲದ್ದನ್ನು ನೋಡಲು ಹೋಗುವವರು ಇನ್ನೊಂದು ಪರೀಕ್ಷೆ ಮರೆಯಬೇಡಿ. ಆಗಿನ ಕೆಲವು ಗಿಟಾರುಗಳಲ್ಲಿ ಬ್ರಿಡ್ಜನ್ನೇ ತಪ್ಪು ಜಾಗದಲ್ಲಿ ಅಂಟಿಸಿದ್ದಾರೆ. ಟ್ಯೂನ್ ಮಾಡಿ 12ನೇ ಫ್ರೆಟ್ ಮೇಲೆ ತಂತಿಯನ್ನು ಸುಮ್ನೆ ತಾಗಿಸಿ ಹಾರ್ಮೋನಿಕ್ ಕೇಳಿ, ಆಮೇಲೆ ಅಲ್ಲೇ ಒತ್ತಿ ಕೇಳಿ. ಎರಡೂ ಒಂದೇ ಸ್ವರ ಬರಬೇಕು. ಒತ್ತಿದ ಸ್ವರ ಎದ್ದು ಕಾಣುವಷ್ಟು ಏರಿದ್ದರೆ ನಟ್‌ನಿಂದ (ನೆಕ್‌ನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿಯಿಂದ) 12ನೇ ಫ್ರೆಟ್‌ಗೆ, ಅಲ್ಲಿಂದ ಸ್ಯಾಡಲ್‌ಗೆ ಅಳೆದು ನೋಡಿ. ಎರಡನೇ ಅಳತೆ ಒಂದೆರಡು ಮಿಲಿಮೀಟರ್ ಜಾಸ್ತಿಯೇ ಇರಬೇಕು. ಕಮ್ಮಿ ಇದ್ದರೆ ಸ್ಯಾಡಲ್ ಕೂರುವ ಸೀಳನ್ನು ಮುಚ್ಚಿ ಬೇರೆ ಕಡೆ ಕೊರೆಯಬೇಕಾಗುತ್ತದೆ. ಅದು ಆಗುವ ಕೆಲಸವೇ. ಆದರೆ ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ ಅಂತ ಮಾರುವವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ.